ಕೂಸುಕೋಸು

ಊರಿನ ಹೆಸರಿನಲ್ಲಿಯೇ ಸಂತೆಯಿರುವಾಗ, ಆ ಊರಿನವರಿಗೆ ತರಕಾರಿಯ ವಿಷಯದಲ್ಲಿ ತುಸು ಅಹಂಕಾರವಿದ್ದರೆ ವಾಚಕರು ಮನ್ನಿಸಬೇಕು. ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಗೆ ಬೆನ್ನು ತಾಗಿಸಿಕೊಂಡು ಕುಳಿತಿರುವ ಶನಿವಾರಸಂತೆ ನಮ್ಮದು. ತಾಲ್ಲೂಕಿನ ಮುಖ್ಯ ಪಟ್ಟಣ ಸೋಮವಾರಪೇಟೆ. ವಾರದ ಎರಡು ದಿನಗಳನ್ನು ಎರಡು ಊರುಗಳು ಹೀಗೆ ಹಂಚಿಕೊಂಡಿರುವುದನ್ನು ಕಂಡು, ಹೊಸದಾಗಿ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು, "ಉಳಿದ ಐದು ದಿನಗಳ ಊರುಗಳೆಲ್ಲಿ ಸ್ವಾಮಿ?" ಎಂದು ಕೇಳಿದ್ದುಂಟು. ಬೆಟ್ಟದ ಮೈಯಲ್ಲಿ ಕಾಫಿ, ಕಾಫಿಗೆ ನೆರಳು ಕೊಡುವ ಮರಗಳಿಗೆ ಹಬ್ಬಿದ ಕರಿಮೆಣಸು, ತಗ್ಗಿನಲ್ಲಿ ಭತ್ತ, ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹಸಿಮೆಣಸಿನಕಾಯಿ, ಏರುನೆಲದಲ್ಲಿ ಶುಂಠಿ. ಇಷ್ಟನ್ನು ಬೆಳೆಯುವ ಮಣ್ಣು. ಶನಿವಾರ ಬೆಳಗಾಯಿತೆಂದರೆ ಸುತ್ತಿನ ಹಳ್ಳಿಗಳ ಹೆಂಗಸರು ಸೊಪ್ಪಿನ ಕಟ್ಟುಗಳನ್ನು ಗೋಣಿಯ ಮೇಲೆ ಹರಡಿ ಕುಳಿತಿರುತ್ತಾರೆ. ಮಳೆಗಾಲವಾದರೆ ಕಳಲೆ ಬರುತ್ತದೆ, ಕೆಸುವಿನ ಎಲೆ ಬರುತ್ತದೆ, ಅಣಬೆ ಬರುತ್ತದೆ. ಇಂತಹ ಸಂತೆಯಲ್ಲಿಯೂ ನಾನು ಒಮ್ಮೆಯೂ ಕಾಣದಿದ್ದ ತರಕಾರಿಯೊಂದು ಕಳೆದ ಚಳಿಗಾಲದಲ್ಲಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದಿತು.

ತಂದವರು ನನ್ನ ಮಡದಿಯ ಅಣ್ಣ. ಅವರು ಕೂನೂರಿನ ಒಂದು ಚಹಾ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾರೆ. ಬರುವಾಗಲೆಲ್ಲ ಚಹಾಪುಡಿ ತರುವ ಭಾವನವರು ಆ ಸಲ ಬಟ್ಟೆಯ ಚೀಲವೊಂದನ್ನು ಕೆಳಗಿಟ್ಟು, "ಬಿಚ್ಚಿ ನೋಡಿ" ಎಂದರು. ಬಿಚ್ಚಿದವಳು ನಾಲ್ಕನೆಯ ತರಗತಿಯ ನನ್ನ ಮಗಳು. ಒಳಗೆ ನೆಲ್ಲಿಕಾಯಿಗಿಂತ ತುಸು ದೊಡ್ಡದಾದ, ಹಸುರು ಎಲೆಗಳನ್ನು ಬಿಗಿಯಾಗಿ ಸುತ್ತಿಕೊಂಡ ಉಂಡೆಗಳು. ಎಲೆಕೋಸನ್ನು ಯಾರೋ ಮಂತ್ರ ಹಾಕಿ ಕುಗ್ಗಿಸಿದಂತೆ ಇತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಬ್ರಸೆಲ್ಸ್ ಸ್ಪ್ರೌಟ್ಸ್ ಎಂದು ಹೆಸರು. ಬೆಲ್ಜಿಯಂ ದೇಶದ ರಾಜಧಾನಿಯ ಹೆಸರನ್ನು ಹೊತ್ತುಕೊಂಡಿದೆ. ಮಗಳು ಆ ಹೆಸರನ್ನು ಎರಡು ಸಲ ಹೇಳಲು ಯತ್ನಿಸಿ, ಮೂರನೆಯ ಸಲಕ್ಕೆ ನಾಲಗೆ ತೊಡರಿಸಿಕೊಂಡು, "ಅಪ್ಪಾ, ಇದು ಕೋಸಿನ ಕೂಸು" ಎಂದಳು. ಕನ್ನಡ ಎಂ. ಎ. ಮಾಡಿ ಹತ್ತು ವರ್ಷ ಪಾಠ ಹೇಳಿದವನಿಗೂ ಅದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕೂಸುಕೋಸು.

ಹೆಸರು ತಮಾಷೆಯದಾದರೂ ವಂಶಾವಳಿಯ ಮಟ್ಟಿಗೆ ಸತ್ಯದಿಂದ ದೂರವಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಈಗ ಪೇಟೆಗಳಲ್ಲಿ ಮೆರೆಯುತ್ತಿರುವ ಬ್ರೊಕೊಲಿ, ಈ ಕೂಸುಕೋಸು ಎಲ್ಲವೂ ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಒಂದೇ ಜಾತಿ. ಮೂಲದಲ್ಲಿ ಯೂರೋಪಿನ ಕಡಲತೀರದ ಒಂದು ಕಾಡುಗಿಡ. ಅದರ ತುದಿಮೊಗ್ಗನ್ನು ಬೆಳೆಸಿದವನಿಗೆ ಎಲೆಕೋಸು ದೊರೆಯಿತು, ಹೂವಿನ ಗೊಂಚಲನ್ನು ಬೆಳೆಸಿದವನಿಗೆ ಹೂಕೋಸು, ಕಾಂಡವನ್ನು ಉಬ್ಬಿಸಿದವನಿಗೆ ನವಿಲುಕೋಸು. ಎಲೆಯೂ ಕಾಂಡವೂ ಕೂಡುವ ಕಂಕುಳಿನಲ್ಲಿ ಹುಟ್ಟುವ ಮೊಗ್ಗನ್ನು ಬೆಳೆಸಿದವನಿಗೆ ಇದು. ನೆಟ್ಟಗೆ ನಿಂತ ಸೊಂಟದೆತ್ತರದ ಕಾಂಡ, ಅದರ ಸುತ್ತಲೂ ಬುಡದಿಂದ ತಲೆಯವರೆಗೆ ಅಂಟಿಕೊಂಡ ಹತ್ತಾರು ಮರಿಗಳು. ಕೆಳಗಿನದು ಮೊದಲು ಬಲಿಯುತ್ತದೆ. ಚಳಿ ಹೆಚ್ಚಿದಷ್ಟೂ ಸಿಹಿ. ನಮ್ಮ ಊರಿರುವುದು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿಗಳ ಎತ್ತರದಲ್ಲಿ. ಕಾಫಿಗೆ ಅದು ಸಾಕು, ಕೂಸುಕೋಸಿಗೆ ಸಾಲದು. ಅದು ಕೇಳುವುದು ನೀಲಗಿರಿಯ ಏಳು ಸಾವಿರ ಅಡಿಗಳ ಚಳಿಯನ್ನು.

ನೀಲಗಿರಿಗೆ ಈ ಬಳಗವೆಲ್ಲ ಬಂದ ಕಥೆ ಹಳೆಯದು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ೧೮೨೨ರಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟಿಸಲು ತೊಡಗಿ, ತನ್ನ ದೇಶದ ಕಾಯಿಪಲ್ಯಗಳನ್ನು ಅಲ್ಲಿ ಬೆಳೆಸಿ ನೋಡಿದ. ನೆಲ ಒಪ್ಪಿತು. ಕೊಡಗಿಗೂ ದೊರೆಗಳು ಬಂದರು. ೧೮೫೪ರಲ್ಲಿ ಫೌಲರ್ ಎಂಬವನು ಮಡಿಕೇರಿಯ ಬಳಿ ತೋಟ ಹಾಕಿದ ಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಆದರೆ ಅವರ ಊಟದ ಮೇಜಿಗೂ ನಮ್ಮ ಸಂತೆಯ ಗೋಣಿಗೂ ನಡುವೆ ಬೇಲಿಯಿತ್ತು. ಕಡಲಾಚೆಯಿಂದ ಬಂದ ವಸ್ತುವಿಗೆಲ್ಲ ನಮ್ಮ ಜನ ಸೀಮೆ ಎಂಬ ಪದವನ್ನು ಅಂಟಿಸಿ ಗುರುತಿಟ್ಟರಷ್ಟೆ: ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ನನಗೆ ಇದರಲ್ಲಿ ಒಂದು ವಿನೋದ ಕಾಣುತ್ತದೆ. ಕೊಡಗಿನ ಈ ಉತ್ತರ ಭಾಗವನ್ನು ಹಿಂದಿನವರು ಏಳುಸಾವಿರ ಸೀಮೆ ಎನ್ನುತ್ತಿದ್ದರು. ಹಾಗೆ ನೋಡಿದರೆ ಇಲ್ಲಿನ ಕೆಸುವೂ ಸೀಮೆಯ ಕೆಸುವೇ!

ಇಷ್ಟು ಹೊತ್ತು ಹರಟಿದ್ದಾಯಿತು. ಆ ಚೀಲದ ತರಕಾರಿ ನಮ್ಮ ಮನೆಯಲ್ಲಿ ಬರಿಯ ಕುತೂಹಲದ ವಸ್ತುವಾಗಿ ಉಳಿಯದಿದ್ದುದಕ್ಕೆ ಕಾರಣ ನಮ್ಮ ಅವ್ವ.

ಅವ್ವನಿಗೆ ಅರುವತ್ತು ದಾಟಿದೆ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬಂದ ಜ್ವರವೊಂದು ಆಕೆಯ ಕೀಲುಗಳನ್ನು ಕೆಲವು ವಾರ ಕಾಡಿ ಹೋಗಿತ್ತಂತೆ. ಕೀಲುಗಳನ್ನು ಬಿಟ್ಟುಹೋದ ಜ್ವರ ಹೃದಯದ ಒಂದು ಕವಾಟವನ್ನು ಮಾತ್ರ ಬಿಟ್ಟಿರಲಿಲ್ಲ. ಐವತ್ತು ವರ್ಷಗಳ ಮೇಲೆ ಅದರ ಸಾಲ ತೀರಿಸಬೇಕಾಯಿತು. ೨೦೧೯ರಲ್ಲಿ ಶಸ್ತ್ರಕ್ರಿಯೆಯಾಗಿ, ಕೆಟ್ಟ ಕವಾಟದ ಸ್ಥಾನದಲ್ಲಿ ಯಂತ್ರದ ಕವಾಟವೊಂದು ಕುಳಿತಿತು. ರಾತ್ರಿ ಮನೆಯೆಲ್ಲ ನಿಶ್ಶಬ್ದವಾದಾಗ ಅವ್ವನ ಪಕ್ಕದಲ್ಲಿ ಕುಳಿತರೆ ಅದರ ಸದ್ದು ಕೇಳುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಕೈಗಡಿಯಾರದಂತೆ. ಮೊದಮೊದಲು ಆ ಸದ್ದಿಗೆ ನನಗೆ ನಿದ್ರೆ ಬರುತ್ತಿರಲಿಲ್ಲ. ಈಗ ಅದು ಕೇಳಿಸದಿದ್ದರೆ ಎದ್ದು ಹೋಗಿ ನೋಡುತ್ತೇನೆ.

ಯಂತ್ರದ ಕವಾಟವುಳ್ಳವರ ರಕ್ತ ಅಲ್ಲಿ ಹೆಪ್ಪುಗಟ್ಟಬಾರದು. ಅದಕ್ಕಾಗಿ ಅವ್ವ ಬದುಕಿರುವಷ್ಟು ದಿನವೂ ವಾರ್‌ಫರಿನ್ ಎಂಬ ಮಾತ್ರೆಯನ್ನು ನುಂಗಬೇಕು. ಈ ಮಾತ್ರೆಯ ಪೂರ್ವಚರಿತ್ರೆ ಕಾದಂಬರಿಗೆ ಕಡಮೆಯಿಲ್ಲ. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಸಲು ಹಿಡಿದ ಒಂದು ಬಗೆಯ ಮೇವನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯೂ ಅವನ ಶಿಷ್ಯರೂ ವರ್ಷಗಟ್ಟಲೆ ಶ್ರಮಿಸಿ ಆ ಮೇವಿನಲ್ಲಿದ್ದ ದ್ರವ್ಯವನ್ನು ಬೇರ್ಪಡಿಸಿದರು. ಅದರ ಸಂಬಂಧಿಯಾದ ವಾರ್‌ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧಿಯಾಯಿತು. ಇದನ್ನು ಅವ್ವನಿಗೆ ಹೇಳಬಹುದೋ ಹೇಳಬಾರದೋ ಎಂದು ಒಂದು ವಾರ ಯೋಚಿಸಿ ಕೊನೆಗೆ ಹೇಳಿದೆ. ಆಕೆ ನಕ್ಕು, "ಹಂಗಾದ್ರೆ ನಮ್ಮ ಅಟ್ಟದ ಇಲೀಗೂ ನಂಗೂ ಒಬ್ಬನೇ ಡಾಕ್ಟ್ರು ಅನ್ನು" ಎಂದಳು.

ಈ ಮಾತ್ರೆಗೆ ಒಂದು ಎದುರಾಳಿಯಿದೆ. ಅದು ಕೆ ಎಂಬ ಜೀವಸತ್ವ. ಡೆನ್ಮಾರ್ಕಿನ ಹೆನ್ರಿಕ್ ದಾಮ್ ಎಂಬಾತ ಕೋಳಿಮರಿಗಳಲ್ಲಿ ಪ್ರಯೋಗ ಮಾಡುತ್ತ ಅದನ್ನು ಕಂಡುಹಿಡಿದು, ೧೯೪೩ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ. ಹೆಪ್ಪುಗಟ್ಟುವಿಕೆಗೆ ಜರ್ಮನ್ ಭಾಷೆಯಲ್ಲಿ ಇರುವ ಪದ ಕೆ ಅಕ್ಷರದಿಂದ ಮೊದಲಾಗುವುದರಿಂದ ಅದಕ್ಕೆ ಆ ಹೆಸರು. ರಕ್ತ ಹೆಪ್ಪುಗಟ್ಟಲು ಅದು ಬೇಕು. ಮಾತ್ರೆ ಅದರ ಕೆಲಸವನ್ನು ತಡೆಯುತ್ತದೆ. ಮಾತ್ರೆ ಒಂದು ಕಡೆಗೆ ಎಳೆದರೆ ಆಹಾರ ಇನ್ನೊಂದು ಕಡೆಗೆ ಎಳೆಯುತ್ತದೆ. ಈ ಜೀವಸತ್ವ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಎಲ್ಲಿ? ಹಸುರು ಸೊಪ್ಪಿನಲ್ಲಿ! ಹಲಸಿನ ಹಣ್ಣನ್ನಾಗಲಿ ಹೋಳಿಗೆಯನ್ನಾಗಲಿ ಬಿಡೆಂದರೆ ಮರುಮಾತಿಲ್ಲದೆ ಬಿಡುತ್ತಿದ್ದ ಅವ್ವನಿಗೆ, ಜೀವದಂತಿದ್ದುದು ಸೊಪ್ಪು ಒಂದೇ.

೨೦೨೩ರ ಮಳೆಗಾಲದಲ್ಲಿ ಒಂದು ತಿಂಗಳು ಅವ್ವ ಮನದಣಿಯೆ ಸೊಪ್ಪು ತಿಂದಳು. ತಿಂಗಳ ಕೊನೆಗೆ ರಕ್ತಪರೀಕ್ಷೆಯಾಯಿತು. ಆಕೆಯ ಅಂಕಿ ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕೆಂಬುದು ವೈದ್ಯರ ಕಟ್ಟಳೆ. ಆ ಸಲ ೧.೬. ರಕ್ತ ಮಂದವಾಗಿತ್ತು, ಕವಾಟದಲ್ಲಿ ಹೆಪ್ಪುಗಟ್ಟುವ ಭಯವಿತ್ತು. ಮಾತ್ರೆಯ ಪ್ರಮಾಣ ಏರಿತು. ಮನೆಗೆ ಬಂದ ಅವ್ವ ಯಾರೊಡನೆಯೂ ಚರ್ಚಿಸದೆ, "ಇನ್ನು ನಂಗೆ ಸೊಪ್ಪು ಬಡಿಸಬೇಡಿ" ಎಂದು ತೀರ್ಮಾನ ಹೇಳಿದಳು. ಆಕೆಯ ತೀರ್ಮಾನಕ್ಕೆ ನಮ್ಮ ಮನೆಯಲ್ಲಿ ಮೇಲ್ಮನವಿಯಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕಿ ೪.೮. ಹಲ್ಲುಜ್ಜಿದಾಗ ವಸಡಿನಿಂದ ರಕ್ತ. ಮೊಣಕೈ ಬಾಗಿಲಿಗೆ ತಗುಲಿದಲ್ಲಿ ಅಂಗೈಯಗಲದ ಕಪ್ಪು ಮಚ್ಚೆ. ಮೊದಲು ಕಡಮೆಯಾಗಿ ಹೆದರಿಸಿದ್ದು ಈಗ ಹೆಚ್ಚಾಗಿ ಹೆದರಿಸಿತು. ಆಗ ವೈದ್ಯರು ಅವ್ವನನ್ನು ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು: "ಸೊಪ್ಪು ಬಿಡಿ ಅನ್ನಲಿಲ್ಲ ತಾಯಿ. ತಿನ್ನಿ. ಆದರೆ ಈ ವಾರ ಎಷ್ಟೋ ಮುಂದಿನ ವಾರವೂ ಅಷ್ಟೇ. ನೀವು ತಿನ್ನುವುದಕ್ಕೆ ತಕ್ಕಂತೆ ನಾನು ಮಾತ್ರೆ ಕೊಡಬಲ್ಲೆ. ನಿಮ್ಮ ಸೊಪ್ಪು ದಿನಕ್ಕೊಂದು ಬಗೆಯಾದರೆ ನಾನೇನು ಮಾಡಲಿ?"

ಹೇಳುವುದು ಸುಲಭ. ಸೊಪ್ಪನ್ನು ಅಳೆಯುವವರು ಯಾರು? ಸಂತೆಯ ಸೊಪ್ಪಿನ ಕಟ್ಟು ಕಟ್ಟುವವಳ ಕೈಯನ್ನೂ ಆ ದಿನದ ಅವಳ ಮನಸ್ಸನ್ನೂ ಅವಲಂಬಿಸಿರುತ್ತದೆ. ಬೇಯಿಸಿದರೆ ಬುಟ್ಟಿ ತುಂಬ ಇದ್ದುದು ಬೊಗಸೆಯಾಗುತ್ತದೆ. ದಂಟಿನ ಸೊಪ್ಪಿನಲ್ಲಿರುವ ಕೆ ಜೀವಸತ್ವ ಎಲೆಕೋಸಿನದರ ಹಲವು ಪಟ್ಟು. ಈ ಗಣಿತಕ್ಕೆ ಬೇಸತ್ತ ಅವ್ವ ತಟ್ಟೆಯ ಮುಂದೆ ಕುಳಿತು ಅಕ್ಕಿರೊಟ್ಟಿಯನ್ನು ಬರಿಯ ಚಟ್ನಿಯೊಡನೆ ತಿಂದು ಏಳುತ್ತಿದ್ದಳು. ಊಟದಲ್ಲಿ ಆಕೆಗೆ ಉತ್ಸಾಹ ಇಳಿಯಿತು. ಊಟದಿಂದ ಮೊದಲಾಗಿ ಅದು ಇತರ ಸಂಗತಿಗಳಿಗೂ ಹರಡಿತು. ಶನಿವಾರ ಸಂತೆಗೆ ಹೋಗುವುದನ್ನು ನಿಲ್ಲಿಸಿದಳು. ನಲವತ್ತು ವರ್ಷ ಒಂದು ವಾರವೂ ತಪ್ಪದೆ ಹೋದವಳು. ಕೇಳಿದರೆ, "ನೋಡ್ಕೊಂಡು ಬರೋಕೆ ಅದೇನು ಜಾತ್ರೆಯಾ?" ಎನ್ನುತ್ತಿದ್ದಳು. ರಕ್ತದ ಅಂಕಿಗಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಆ ಮಾತು.

ಭಾವನವರ ಚೀಲ ಬಂದದ್ದು ಇಂತಹ ದಿನಗಳಲ್ಲಿ. ನೆಲದ ಮೇಲೆ ಸುರಿದ ಕೂಸುಕೋಸುಗಳನ್ನು ಮಗಳು ಗಜ್ಜುಗದ ಕಾಯಿಗಳಂತೆ ಐದೈದರ ಸಾಲು ಮಾಡಿ ಜೋಡಿಸುತ್ತಿದ್ದಳು. ಗೋಡೆಗೊರಗಿ ಕುಳಿತು ನೋಡುತ್ತಿದ್ದ ಅವ್ವ, ತುಸು ಹೊತ್ತಿನ ಮೇಲೆ, "ಇದು ಸೊಪ್ಪೇ ಅಲ್ವೇನೋ?" ಎಂದಳು. ಸೊಪ್ಪೇ, ಎಂದೆ. "ಹಂಗಾದ್ರೆ ಇದನ್ನ ಎಣಿಸಬೈದಲ್ಲ!"

ನಾವೆಲ್ಲ ಒಮ್ಮೆಲೇ ಸುಮ್ಮನಾದೆವು. ಆಯುರ್ವೇದದವರಿಗಾಗಲಿ ಇಂಗ್ಲಿಷ್ ವೈದ್ಯರಿಗಾಗಲಿ ಹೊಳೆಯದಿದ್ದ ವಿಚಾರ. ದೇವರು ಸೊಪ್ಪನ್ನು ಮಾತ್ರೆಯ ಹಾಗೆ ಬಿಡಿಬಿಡಿಯಾಗಿ, ಎಣಿಸಿ ಬಡಿಸಲು ಬರುವಂತೆ ಮಾಡಿಟ್ಟಿದ್ದಾನೆ! ಮಗಳ ಶಾಲೆಯ ಪ್ರಯೋಗಕ್ಕೆಂದು ತಂದಿದ್ದ ಪುಟ್ಟ ತಕ್ಕಡಿಯಲ್ಲಿ ತೂಗಿದೆವು. ಒಂದಕ್ಕೆ ಹೆಚ್ಚುಕಡಮೆ ಇಪ್ಪತ್ತು ಗ್ರಾಂ. ನೂರು ಗ್ರಾಂ ಹಸಿಯ ಕೂಸುಕೋಸಿನಲ್ಲಿ ಕೆ ಜೀವಸತ್ವ ಸುಮಾರು ೧೭೭ ಮೈಕ್ರೋಗ್ರಾಂ ಎಂದು ಆಹಾರದ ಕೋಷ್ಟಕಗಳು ಹೇಳುತ್ತವೆ. ಹಾಗೆಂದರೆ ಒಂದೊಂದರಲ್ಲಿ ಸುಮಾರು ಮೂವತ್ತೈದು. ಮರುದಿನ ವೈದ್ಯರಿಗೆ ದೂರವಾಣಿ ಮಾಡಿ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅವರು ನಕ್ಕರು. ನಕ್ಕ ಮೇಲೆ ಗಂಭೀರವಾಗಿ, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು, ಹೆಚ್ಚೂ ಬೇಡ ಕಡಮೆಯೂ ಬೇಡ, ಎರಡು ವಾರಕ್ಕೆ ರಕ್ತ ಪರೀಕ್ಷಿಸೋಣ ಎಂದರು. ಇದು ನಮ್ಮ ಅವ್ವನ ಅಳತೆ. ಇಂತಹ ಮಾತ್ರೆ ನುಂಗುವವರು ನಿಮ್ಮ ಮನೆಯಲ್ಲಿದ್ದರೆ ಅವರ ಅಳತೆಯನ್ನು ಅವರ ವೈದ್ಯರೇ ಹೇಳಬೇಕು.

ಇನ್ನು ಬೇಯಿಸುವ ಪ್ರಶ್ನೆ. ನನ್ನ ಮಡದಿಯ ಅಭಿಪ್ರಾಯದಲ್ಲಿ ಒಗ್ಗರಣೆಯಿಲ್ಲದ ಪಲ್ಯ ಕುಂಕುಮವಿಲ್ಲದ ಹಣೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ, ಮೇಲೆ ಕಾಯಿತುರಿ. ತರಕಾರಿ ಯಾವ ದೇಶದ್ದಾದರೇನು, ದೀಕ್ಷೆ ಇದೇ. ಸಾಸಿವೆಯೂ ಕೋಸೂ ಒಂದೇ ಕುಟುಂಬದ ಗಿಡಗಳೆಂಬುದನ್ನು ನಾನು ಆಕೆಯ ಪರವಾಗಿ ಹೇಳಲೇಬೇಕು. ಸಾಸಿವೆಯನ್ನು ಅರೆದಾಗ ಮೂಗಿಗೇರುವ ಘಾಟಿನ ಮೂಲದ್ರವ್ಯವೂ ಕೂಸುಕೋಸಿನ ಕಹಿಗೆ ಕಾರಣವಾದ ಒಂದು ದ್ರವ್ಯವೂ ಒಂದೇ. ಆದ್ದರಿಂದ ಒಗ್ಗರಣೆಯೆಂದರೆ ಅಗಲಿದ್ದ ದಾಯಾದಿಗಳ ಮಿಲನ. ಆದರೆ ಅವ್ವನಿಗೆ ಉಪ್ಪು, ಎಣ್ಣೆ ಎರಡೂ ಮಿತವಾಗಬೇಕು. ಕುಕ್ಕರಿನಲ್ಲಿಟ್ಟು ಮೂರು ಸೀಟಿ ಕೂಗಿಸಿದರೆ ಸಾಕೇ ಎಂದು ಮಡದಿ ಕೇಳಿದಾಗ, ಎಷ್ಟೋ ತಿಂಗಳಿಂದ ಅಡುಗೆಯ ಮಾತಿಗೇ ಬಾರದಿದ್ದ ಅವ್ವ, "ಎಳೇ ಕೂಸಿಗೆ ಮೂರು ಸೀಟಿ ಯಾಕವ್ವಾ? ಅಗಲ ಬಾಯಿನ ಪಾತ್ರೆ ತಾ" ಎಂದು ಎದ್ದೇಬಿಟ್ಟಳು. "ನೀವು ಕೂತ್ಕೊಳ್ಳಿ ಅತ್ತೆ, ಹೇಳಿ, ನಾನು ಮಾಡ್ತೀನಿ" ಎಂದರೂ ಕೇಳಲಿಲ್ಲ.

ಬರಿದೆ ನೀರಿನಲ್ಲಿ ಬೇಯಿಸುವುದು ಅಡುಗೆಯೇ ಅಲ್ಲವೆಂದು ನಮ್ಮಲ್ಲಿ ಒಂದು ತಾತ್ಸಾರವಿದೆ. ಅವ್ವನಿಗೆ ಆ ತಾತ್ಸಾರವಿಲ್ಲ. ಆಕೆ ಕಳಲೆಯನ್ನು ಬಲ್ಲವಳು. ಎಳೆಬಿದಿರಿನಲ್ಲಿ ವಿಷದ ಅಂಶವಿರುತ್ತದೆ. ಹೆಚ್ಚಿ, ನೀರಿನಲ್ಲಿ ನೆನೆಯಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆ ಬೇಯಿಸಿದರೆ ಮಾತ್ರ ಅದು ಆಹಾರ. ಕೆಸುವನ್ನು ಅವಸರದಲ್ಲಿ ಬೇಯಿಸಿದರೆ ಗಂಟಲು ತುರಿಸುತ್ತದೆ. ನೀರು, ಬೆಂಕಿ, ಸಮಯ ಈ ಮೂರರಿಂದ ಒಂದು ಗಿಡದ ದೋಷವನ್ನು ಕಳೆದು ಗುಣವನ್ನು ಉಳಿಸಿಕೊಳ್ಳುವುದು ಮಲೆನಾಡಿನ ಹೆಂಗಸರ ವಿದ್ಯೆ. ಅದು ಹೊಸದೂ ಅಲ್ಲ. ಕೊಡಗಿನ ಮಗ್ಗುಲಲ್ಲಿದ್ದ ಚೆಂಗಾಳ್ವರ ನಾಡಿನ ಕಲ್ಲಹಳ್ಳಿಯ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಮೊದಲಲ್ಲಿಯೇ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದ. ಬದನೆ, ಬಾಳೆ, ಹಲಸುಗಳ ಜೊತೆಗೆ ಕಳಲೆಗೂ ಅದರಲ್ಲಿ ಸ್ಥಾನವುಂಟು. ಮೆಣಸಿನಕಾಯಿ, ಆಲೂಗೆಡ್ಡೆಗಳು ಆಗ ನಮ್ಮ ನೆಲವನ್ನೇ ಮುಟ್ಟಿರಲಿಲ್ಲ. ನಾನು ತರಗತಿಯಲ್ಲಿ ಛಂದಸ್ಸಿಗಾಗಿ ಹೇಳುವ ಕವಿಯನ್ನು ಅವ್ವ ಓದದೆಯೇ ಒಲೆಯ ಮುಂದೆ ಬಲ್ಲಳು.

ಮಾಡಿದ ಕ್ರಮ ಇಷ್ಟು. ಹೊರಗಿನ ಒಂದೆರಡು ಹಳದಿ ಎಲೆಗಳನ್ನು ಬಿಡಿಸಿ ತೆಗೆದು, ಬುಡದ ಒಣಗಿದ ಭಾಗವನ್ನು ಚಾಕುವಿನಿಂದ ತೆಳ್ಳಗೆ ಕೊಯ್ದಳು. ಬುಡದಲ್ಲಿ ಕೂಡಿಕೆಯ ಚಿಹ್ನೆಯಂತೆ ಸೀಳಬೇಕೆಂದು ಇಂಗ್ಲಿಷರು ಹೇಳುವುದುಂಟು, ಕಾಂಡ ಬೇಗ ಬೇಯಲೆಂದು. ಚಿಕ್ಕವಕ್ಕೆ ಅದು ಬೇಕಾಗಿಲ್ಲ. ಸೀಳಿದ ದಾರಿಯಲ್ಲಿ ನೀರು ಹೊಕ್ಕು ಒಳಗೆಲ್ಲ ಪಿಸಿಪಿಸಿಯಾಗುತ್ತದೆ. ಪಾತ್ರೆಯ ತುಂಬ ನೀರು, ಚಿಟಿಕೆ ಉಪ್ಪು. ನೀರು ತಳಮಳ ಕುದಿಯತೊಡಗಿದ ಮೇಲೆಯೇ ಕೋಸು ಹಾಕಬೇಕು, ಮುಚ್ಚಳ ಮುಚ್ಚಕೂಡದು. ಅವ್ವ ಮುಚ್ಚಳ ಮುಚ್ಚದಿದ್ದುದು ಅಭ್ಯಾಸಬಲದಿಂದ: ಸೊಪ್ಪು ಮುಚ್ಚಿ ಬೇಯಿಸಿದರೆ ಬಣ್ಣ ಹೋಗುತ್ತದೆ ಎಂಬುದು ಆಕೆಯ ಅತ್ತೆಯ ಪಾಠ. ರಸಾಯನಶಾಸ್ತ್ರ ಅದನ್ನು ಒಪ್ಪುತ್ತದೆ. ಬೇಯುವಾಗ ತರಕಾರಿಯಿಂದ ಬಿಡುಗಡೆಯಾಗುವ ಹುಳಿಯಂಶ ಹಸುರನ್ನು ಮಂಕಾಗಿಸುತ್ತದೆ. ಮುಚ್ಚಳವಿಲ್ಲದಿದ್ದರೆ ಅದರಲ್ಲಿ ಒಂದಷ್ಟು ಆವಿಯೊಡನೆ ಹೊರಟುಹೋಗುತ್ತದೆ. ಬಣ್ಣ ಉಳಿಯಲೆಂದು ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ಉಳಿಯುತ್ತದೆ, ಆದರೆ ತರಕಾರಿ ಮೆತ್ತಗಾಗಿ ಜೀವಸತ್ವವೂ ಕೆಡುತ್ತದೆ. ಎಂಟು ನಿಮಿಷ ಸಾಕು. ಸೂಜಿಯಿಂದ ಬುಡವನ್ನು ಚುಚ್ಚಿದರೆ ಸರಾಗವಾಗಿ ಹೋಗಬೇಕು, ಆದರೆ ಒಳಗೆ ತುಸು ಬಿಗಿ ಉಳಿದಿರಬೇಕು. ಅಷ್ಟಕ್ಕೆ ಇಳಿಸಿ ಬಸಿದು, ಅರ್ಧ ಚಮಚ ತುಪ್ಪ, ನಮ್ಮ ಹಿತ್ತಲ ಬಳ್ಳಿಯ ಕರಿಮೆಣಸಿನ ತರಿ. ನಿಂಬೆರಸ ಬೇಕಾದವರು ತಟ್ಟೆಯಲ್ಲಿ ಹಿಂಡಿಕೊಳ್ಳಬೇಕು; ಮೊದಲೇ ಹಿಂಡಿದರೆ ಬಣ್ಣ ಕಾಡುಹಸುರಾಗಿ ನೋಡಲು ಉಲ್ಲಾಸವಿರುವುದಿಲ್ಲ.

ಹೆಚ್ಚು ಹೊತ್ತು ಕುದಿಸಿದರೆ ಗಂಧಕದ ವಾಸನೆ ಏಳುತ್ತದೆ. ಕ್ರಿಸ್ಮಸ್ ಹಬ್ಬದ ಊಟಕ್ಕೆ ಇದನ್ನು ಬೇಯಿಸದ ಇಂಗ್ಲಿಷ್ ಮನೆ ಅಪರೂಪ. ಹಾಗೆಯೇ ಇದನ್ನು ಶಪಿಸದ ಇಂಗ್ಲಿಷ್ ಮಗುವೂ ಅಪರೂಪವಂತೆ. ಆ ಮಕ್ಕಳ ಶಾಪದಲ್ಲಿ ಅರ್ಧಪಾಲು ಕುದಿಸಿದವರಿಗೆ ಸಲ್ಲಬೇಕು. ಉಳಿದರ್ಧ ಕಹಿಗೆ. ಆ ಕಹಿಯೂ ಈಗ ಹಿಂದಿನಷ್ಟಿಲ್ಲ. ೧೯೯೦ರ ದಶಕದಲ್ಲಿ ಹಾನ್ಸ್ ವಾನ್ ಡೂರ್ನ್ ಎಂಬ ಡಚ್ ವಿಜ್ಞಾನಿ ಯಾವ ದ್ರವ್ಯಗಳಿಂದ ಕಹಿ ಬರುತ್ತದೆಂಬುದನ್ನು ಗುರುತಿಸಿದ ಮೇಲೆ, ಬೀಜದ ಕಂಪೆನಿಗಳು ಹಳೆಯ ತಳಿಗಳನ್ನು ಹುಡುಕಿ ಬೆರಸಿ ಕಹಿ ಕಡಮೆಯಾದ ತಳಿಗಳನ್ನು ತಂದವು. ನನ್ನ ಮಗಳು ಮಾತ್ರ ಒಂದನ್ನು ಬಾಯಿಗಿಟ್ಟು, ಹಾಗಲಕಾಯಿಯೇ ವಾಸಿ ಎಂದಳು. ಅವ್ವ ಅದೇ ತಟ್ಟೆಯಿಂದ ತಿಂದು ಸಿಹಿಯಾಗಿದೆಯೆಂದಳು. ಒಬ್ಬರಿಗೆ ಕಹಿಯಾದದ್ದು ಇನ್ನೊಬ್ಬರಿಗೆ ಸಪ್ಪೆಯಾಗುವುದು ಹುಟ್ಟಿನಿಂದ ಬರುವ ಗುಣವೆಂದು ೧೯೩೧ರಿಂದ ಈಚೆಗೆ ನಡೆದ ಶೋಧಗಳು ತೋರಿಸಿವೆ. ಆದ್ದರಿಂದ ಮಗಳನ್ನು ನಾನು ಬಲವಂತಪಡಿಸಲಿಲ್ಲ. ನನ್ನ ತೀರ್ಪನ್ನು ಕೇಳಿದರೆ, ಮೊದಲನೆಯದು ಎಲೆಕೋಸು, ಎರಡನೆಯದು ಕಡಲೆಕಾಯಿಯ ಹತ್ತಿರದ ಒಂದು ರುಚಿ, ಮೂರನೆಯದರ ಹೊತ್ತಿಗೆ ತಟ್ಟೆ ಖಾಲಿ.

ಬಸಿದ ನೀರು ಪಾತ್ರೆಯಲ್ಲಿತ್ತು. ಚೆಲ್ಲಲು ಎತ್ತಿದ ನನ್ನ ಮಡದಿಯ ಕೈಯನ್ನು ಅವ್ವ ತಡೆದಳು. ಕಾಳನ್ನೂ ಸೊಪ್ಪನ್ನೂ ಬೇಯಿಸಿ, ನೀರನ್ನು ಬಸಿದು ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುವ ಬಸ್ಸಾರಿನ ನಾಡು ಇದು. ನೀರು ಚೆಲ್ಲುವ ಅಡುಗೆ ಆಕೆಗೆ ಅಡುಗೆಯಲ್ಲ. ಬೇಯಿಸಿದ ತೊಗರಿಬೇಳೆಯ ಕಟ್ಟಿನ ಜೊತೆಗೆ ಆ ನೀರನ್ನು ಸೇರಿಸಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆ ಅರೆದು ಹಾಕಿದಳು. ಬ್ರಸೆಲ್ಸಿನ ಬಸ್ಸಾರು! ಬೆಳ್ಳುಳ್ಳಿಯ ಮುಂದೆ ಗಂಧಕದ ಆಟ ನಡೆಯಲಿಲ್ಲ. ಇದರಲ್ಲಿಯೂ ಒಂದು ಸೊಗಸಿದೆ. ಸಿ ಜೀವಸತ್ವ ನೀರಿನಲ್ಲಿ ಕರಗುವಂಥದು. ಹಸಿಯ ನೂರು ಗ್ರಾಮಿನಲ್ಲಿ ಸುಮಾರು ೮೫ ಮಿಲಿಗ್ರಾಂ ಇದ್ದುದು ಬೇಯಿಸಿದ ಮೇಲೆ ೬೨ರ ಸುಮಾರಿಗೆ ಇಳಿಯುತ್ತದೆ, ಹೋದದ್ದರಲ್ಲಿ ಒಂದು ಪಾಲು ನೀರಿನಲ್ಲಿರುತ್ತದೆ. ಕೆ ಜೀವಸತ್ವವಾದರೋ ಕರಗುವುದು ಜಿಡ್ಡಿನಲ್ಲಿ. ಆದ್ದರಿಂದ ಅದು ಕೋಸಿನಲ್ಲಿಯೇ ಉಳಿಯುತ್ತದೆ. ಎಂದರೆ ಅವ್ವ ಲೆಕ್ಕ ತಪ್ಪುವ ಭಯವಿಲ್ಲದೆ ಸಾರನ್ನು ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಬಡಿಸಿಕೊಂಡಳು ಕೂಡ.

ಚಳಿಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಭಾವನವರು ಚೀಲ ಕಳುಹಿಸಿದರು. ಮಂಗಳವಾರ, ಗುರುವಾರ, ಭಾನುವಾರ ಅವ್ವನ ತಟ್ಟೆಯಲ್ಲಿ ನಾಲ್ಕು ಕೂಸುಕೋಸು. ಐದನೆಯದನ್ನು ಬಡಿಸಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಬರುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಅಂಕಿ ೩.೧, ಅನಂತರ ೨.೭, ಅನಂತರ ೨.೯. ಮೂರನೆಯ ಸಲದ ಕಾಗದವನ್ನು ಅವ್ವ ಮಡಿಸಿ, ದೇವರ ಮನೆಯಲ್ಲಿ ಪಂಚಾಂಗದೊಳಗೆ ಇಟ್ಟುಕೊಂಡಳು.

ಬೇಸಗೆ ಬಂದಿತು, ಕೂಸುಕೋಸು ನಿಂತಿತು. ಮತ್ತೆ ಹಳೆಯ ಕಷ್ಟ ತಲೆಯೆತ್ತುವುದೆಂದು ನಾನು ಭಾವಿಸಿದ್ದೆ. ಆ ಶನಿವಾರ ಕಾಲೇಜಿನಿಂದ ಬೇಗ ಬಂದು ನೋಡಿದರೆ ಮನೆಗೆ ಬೀಗ. ಅತ್ತೆ ಸೊಸೆ ಇಬ್ಬರೂ ಸಂತೆಯಲ್ಲಿದ್ದರು. ಮಗಳ ಪುಟ್ಟ ತಕ್ಕಡಿ ಅವ್ವನ ಕೈಚೀಲದಲ್ಲಿತ್ತು. ಸೊಪ್ಪಿನವಳ ಗೋಣಿಯ ಮುಂದೆ ಕುಳಿತು ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ, ದಂಟು ಬೇರೆ ಎಲೆ ಬೇರೆ ಮಾಡಿ ತೂಗುತ್ತಿದ್ದಳು. "ಚಿನ್ನ ತೂಗ್ತೀಯೇನಕ್ಕಾ?" ಎಂದು ಸೊಪ್ಪಿನವಳು ನಗುತ್ತಿದ್ದಳು. "ಚಿನ್ನ ಹೆಚ್ಚುಕಮ್ಮಿ ಆದ್ರೆ ನಂಗೇನೂ ಆಗಾಕಿಲ್ಲ ಕಣೆ" ಎಂದು ಅವ್ವ ತಲೆಯೆತ್ತದೆ ಉತ್ತರ ಕೊಟ್ಟಳು. ಸೊಪ್ಪಿನ ಈ ಹೊಸ ಅಳತೆಯನ್ನೂ ವೈದ್ಯರು ಒಪ್ಪಿ ಕೊಟ್ಟರು. ಎಲೆಯೊಂದೇ ಇಷ್ಟು ಗ್ರಾಂ, ವಾರಕ್ಕೆ ಇಷ್ಟು ದಿನ ಎಂಬ ಚೀಟಿ ನಮ್ಮ ಅಡುಗೆಮನೆಯ ಡಬ್ಬಿಗಳ ಸಾಲಿನ ಮೇಲೆ ಅಂಟಿಕೊಂಡಿದೆ.

ಈ ಸಲದ ಚಳಿ ಈಗ ತಾನೇ ಹಿಡಿದಿದೆ. ಮೊನ್ನೆ ಕೂನೂರಿನಿಂದ ದೂರವಾಣಿ ಬಂದಿತ್ತು. ಕೋಸು ಬಂದಿದೆ, ಕಳುಹಿಸಲೇ ಎಂದು ಭಾವನವರು ಕೇಳುತ್ತಿದ್ದರು. ನಾನು ಅವ್ವನ ಮುಖ ನೋಡಿದೆ. ಆಕೆ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು: "ಕಳಿಸ್ಲಿ. ಆದ್ರೆ ದಪ್ಪ ಸಣ್ಣ ಬೆರಸಬ್ಯಾಡ ಅನ್ನು, ಎಲ್ಲ ಒಂದೇ ಗಾತ್ರದ್ದು ಆರಿಸಿ ಕಳಿಸ್ಬೇಕು."